ಸಂಬಂಧಗಳ ಸಂಶೋಧನೆಗೆ ನಾನು ಹೊಂದಲಿಲ್ಲ

ಗೆಳೆಯರೇ, ಇವತ್ತು ಬೆಳಿಗ್ಗೆ ಶಹಾಪುರದ ನನ್ನ ಬಾಡಿಗೆ ಮನೆಗೆ ಪದವಿ ಕಾಲೇಜಿನ ಇಬ್ಬರು ಹುಡುಗಿಯರು ಬಂದರು.

"ಮನುಷ್ಯ ಸಂಬಂಧ ಮತ್ತ ನೆಮ್ಮದಿ ಮ್ಯಾಲೆ ಸಂಶೋಧನಾ ಮಾಡಾಕತ್ತೀವ್ರಿ. ಸ್ವಲ್ಪ ಟೈಮ್ ಕೊಡ್ರಿ," ಎಂದರು.

ಟೈಮ್ ನನ್ನ ಹತ್ತಿರ ಬೇಕಾದಷ್ಟಿತ್ತು. ನರ್ಸ್ ಕೆಲಸಕ್ಕೆ ಇಲ್ಲಿಗೆ ವರ್ಗವಾಗಿ ಬಂದ ಮೇಲೆ, ಹಾಲಿನವರನ್ನು ಬಿಟ್ಟರೆ ನನ್ನ ಬಾಗಿಲು ತಟ್ಟಿದವರು ಇವರೇ ಮೊದಲು. ಕೂರಿಸಿ ಚಹಾ ಕೊಟ್ಟೆ. ಏನು ಕೇಳಬಹುದು, ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ.

"ಮನ್ಯಾಗ ಎಷ್ಟು ಮಂದಿ ಅದೀರಿ?"

"ನಾ ಒಬ್ಬಾಕೀನೇ."

ಇಬ್ಬರೂ ಮುಖ ಮುಖ ನೋಡಿಕೊಂಡರು. "ಒಬ್ರೇ ಇರೋರು ನಮ್ಮ ಸ್ಟಡಿದಾಗ ಬರಂಗಿಲ್ರಿ ಮೇಡಂ. ಕುಟುಂಬ ಇದ್ದೋರನ್ನಷ್ಟ ಕೇಳ್ರಿ ಅಂತ ಹೇಳ್ಯಾರ."

"ಅಲ್ರೀ, ಒಬ್ಬಾಕಿ ಇದ್ದೋರಿಗಿ ನೆಮ್ಮದಿ ಬ್ಯಾಡೇನು?" ಎಂದು ಜಗಳಕ್ಕೇ ಇಳಿದೆ.

"ತಪ್ಪು ತಿಳ್ಕೋಬ್ಯಾಡ್ರಿ. ಚಹಾ ಛಲೋ ಇತ್ತು," ಎಂದು ಎದ್ದವರು ಪಕ್ಕದ ಶಬಾನಾ ಅವರ ಮನೆಗೆ ಹೋದರು.

ನಡುವೆ ಇರುವುದು ತೆಳು ಗೋಡೆ. ನೆರೆಹೊರೆಯವರ ಬಗ್ಗೆ ಹುಡುಗಿಯರು ಕೇಳಿದಾಗ ಶಬಾನಾ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಬಾಜೂಕ ಒಬ್ರು ನರ್ಸ್‌ಬಾಯಿ ಅದಾರ್ರಿ. ಡ್ಯೂಟಿ ಮುಗಿಸಿ ಬಂದು ಬಾಗಲಾ ಹಾಕ್ಕೋತಾರ. ಈದಿಗಿ ಊಟಕ್ಕ ಕರೀಬೇಕಂದ್ವಿ. ಆದ್ರ ಅವರಿಗಿ ಒಬ್ರೇ ಇರೋದೇ ಪಸಂದ ಅಂತ ಸುಮ್ಮನಾದ್ವಿ."

ಒಬ್ಬಳೇ ಇರುವುದು ನನಗೆ ಇಷ್ಟವೆಂದು ನನಗೇ ಇವತ್ತು ಗೊತ್ತಾಯಿತು. ಆಗಿನಿಂದ ಬಾಗಿಲು ತೆರೆದಿಟ್ಟು ಕೂತಿದ್ದೇನೆ. ಸದ್ಯಕ್ಕೆ ಒಳಗೆ ಬಂದಿರುವುದು ಶಬಾನಾ ಅವರ ಆಡು ಮಾತ್ರ.