ಸದಾಶಿವಯ್ಯನವರ ಬಲಗಡೆ ಲೈಟು

ಗುಬ್ಬಿಯ ಸದಾಶಿವಯ್ಯನವರು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಪಾಠ ಹೇಳಿ ನಿವೃತ್ತರಾದವರು. ಮೂವತ್ತೊಂದು ವರ್ಷ ದಿನಾ ಬಸ್ಸು ಹಿಡಿದು ತುಮಕೂರಿಗೆ ಹೋಗಿ, ಹುಡುಗರ ಕಿವಿ ಹಿಂಡಿ ಕರೆಂಟಿನ ಕೆಲಸ ಕಲಿಸಿದರು. ಇವತ್ತಿಗೂ ಅಂತರಸನಹಳ್ಳಿಯ ಯಾವ ಕಾರ್ಖಾನೆಯ ಗೇಟಿನಲ್ಲಿ ನಿಂತರೂ ಒಬ್ಬನಾದರೂ ಬೈಕು ನಿಲ್ಲಿಸಿ ‘ನಮಸ್ಕಾರ ಸಾರ್’ ಅನ್ನುತ್ತಾನೆ. ಇಂಥವರಿಗೆ ಸ್ವಲ್ಪ ಜಂಬ ಇರಬಾರದೇ? ಇತ್ತು. ಸ್ವಲ್ಪವಲ್ಲ, ಧಾರಾಳವಾಗಿಯೇ ಇತ್ತು. ಇದು ಚಾಡಿಯಲ್ಲ, ಈಗ ಅವರೇ ಊರೆಲ್ಲ ಹೇಳಿಕೊಂಡು ತಿರುಗುವ ಮಾತು.

ಅವರದೊಂದು ಇಪ್ಪತ್ತೆರಡು ವರ್ಷದ ಮಾರುತಿ ಕಾರು. ಅದಕ್ಕೆ ಮೆಕ್ಯಾನಿಕ್ಕಿನ ಕೈ ಸೋಕಿದ್ದೇ ಅಪರೂಪ. ಆಯಿಲ್ ಬದಲಾಯಿಸುವುದರಿಂದ ಹಿಡಿದು ತುಕ್ಕು ಉಜ್ಜುವವರೆಗೆ ಎಲ್ಲ ಯಜಮಾನರದೇ. ಪಂಚೆ ಎತ್ತಿ ಕಟ್ಟಿ, ಬಾನೆಟ್ಟಿನೊಳಗೆ ತಲೆ ಹಾಕಿದರೆ ಊಟಕ್ಕೆ ಮೂರು ಸಲ ಕರೆಯಬೇಕು ಎಂದು ಹೆಂಡತಿ ಪ್ರಮೀಳಾ ಬಂದವರಿಗೆಲ್ಲ ದೂರುತ್ತಿದ್ದರು.

ಹೋದ ವರ್ಷ ಆಯುಧಪೂಜೆ ಕಳೆದು ವಾರವಾಗಿತ್ತು. ಕುಣಿಗಲ್‌ನಲ್ಲಿರುವ ನಾದಿನಿಯ ಮನೆಗೆ ಗಂಡ ಹೆಂಡತಿ ಹೋಗಿ ಬರುವಾಗ ಹೊತ್ತು ಮುಳುಗಿತು. ಸದಾಶಿವಯ್ಯನವರು ಲೈಟು ಹಾಕಿದರು. ಎಡಗಡೆಯದು ಚೆನ್ನಾಗಿ ಉರಿಯಿತು. ಬಲಗಡೆಯದು ಎಣ್ಣೆ ತೀರಿದ ದೀಪದ ಹಾಗೆ ಕೆಂಪಗೆ ಮಿಣುಕಿತು. ನೋಡೋಣ ಬಿಡು ಎಂದುಕೊಂಡು ಎರಡು ಮೈಲಿ ಬರುವಷ್ಟರಲ್ಲಿ, ತೆಂಗಿನಕಾಯಿ ತುಂಬಿಕೊಂಡು ರಸ್ತೆಯಲ್ಲೇ ಕೆಟ್ಟು ನಿಂತಿದ್ದ ಟ್ರಾಕ್ಟರಿನ ಟ್ರೈಲರು ಮೂಗಿಗೆ ಬಂದು ತಾಗುವಷ್ಟು ಹತ್ತಿರ ಕಂಡಿತು. ಬ್ರೇಕು ಹಿಡಿಯಿತು, ಪುಣ್ಯ. ಪ್ರಮೀಳಾ ಎದೆಯ ಮೇಲೆ ಕೈ ಇಟ್ಟುಕೊಂಡು, ‘ಈ ಲೈಟು ಸರಿಹೋಗೋವರ್ಗೂ ನಾನು ಈ ಕಾರಲ್ಲಿ ಕೂರಲ್ಲ’ ಎಂದರು.

‘ಬಲ್ಬ್ ಹೋಗೈತೆ ಕಣೇ. ನಾಳೆ ಹಾಕ್ತೀನಿ’ ಎಂದರು ಸದಾಶಿವಯ್ಯ.

ಬಲ್ಬು ತರುವುದಕ್ಕೆ ಅವರಿಗೆ ಇದ್ದದ್ದು ಒಂದೇ ಅಂಗಡಿ. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಚಿಕ್ಕಹನುಮಯ್ಯ ಅವರ ಮಿಡ್ಲ್ ಸ್ಕೂಲಿನ ಗೆಳೆಯ. ಐವತ್ತು ವರ್ಷದ ಸ್ನೇಹ. ಅಂಗಡಿಯ ಎದುರಿಗಿರುವ ಕರಿಸಿದ್ದಪ್ಪನ ಹೋಟೆಲಿನಲ್ಲಿ ಬೆಳಗ್ಗೆ ಏಳಕ್ಕೆ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಟೀ ಕುಡಿಯದಿದ್ದರೆ, ಇವತ್ತು ಯಾರಿಗೆ ಮೈ ಸರಿಯಿಲ್ಲ ಎಂದು ಜನ ಕೇಳುತ್ತಿದ್ದರು.

ಮೊದಲ ಬಲ್ಬು ಹಾಕಿದ್ದಾಯಿತು. ಲೈಟು ಮಂಕೇ. ವಾಪಸು ಕೊಟ್ಟು ಇನ್ನೊಂದು ತಂದರು. ಅದೂ ಮಂಕೇ. ಎರಡನೆಯದನ್ನು ವಾಪಸು ತಂದಾಗ ಚಿಕ್ಕಹನುಮಯ್ಯ ಮೂರನೆಯದನ್ನು ಕೈಗಿಡುತ್ತಾ, ‘ವೈರಿಂಗ್ ಒಂದ್ಸಲ ನೋಡೋ ಸದಾಶಿವ. ಅರ್ಥಿಂಗ್ ಏನಾರ ಸರಿಯಾಗಿ ಕೂತಿಲ್ವೇನೋ’ ಎಂದರು.

‘ನಂಗೇ ಅರ್ಥಿಂಗ್ ಹೇಳ್ಕೊಡ್ತೀಯೇನ್ಲಾ?’ ಎಂದು ಸದಾಶಿವಯ್ಯ ನಕ್ಕರು. ನಗೆಯಲ್ಲಿ ನಗೆಗಿಂತ ಸಿಟ್ಟೇ ಹೆಚ್ಚಾಗಿತ್ತು.

ಲೈಟು ಮಂಕಾದರೆ ಮೊದಲು ಅರ್ಥಿಂಗ್ ನೋಡು ಎಂದು ಬೋರ್ಡಿನ ಮೇಲೆ ವರ್ಷ ವರ್ಷ ಬರೆದವರು ಇವರೇ. ಅದು ಹೋಗಲಿ, ಎಡಗಡೆಯ ಬಲ್ಬನ್ನು ಬಿಚ್ಚಿ ಬಲಗಡೆಗೆ ಹಾಕಿ ನೋಡಿದ್ದರೆ ತಪ್ಪು ಬಲ್ಬಿನದಲ್ಲ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಮೊದಲನೇ ವರ್ಷದ ಹುಡುಗನೂ ಅಷ್ಟು ಮಾಡುತ್ತಾನೆ. ಆದರೆ ತಾವು ಕೈಯಾಡಿಸಿದ ಕಾರಿನಲ್ಲಿ ತಪ್ಪಿರುವುದುಂಟೇ? ಅಂಥ ಅನುಮಾನವೇ ಸದಾಶಿವಯ್ಯನವರ ತಲೆಯ ಹತ್ತಿರ ಸುಳಿಯಲಿಲ್ಲ.

ಮೂರನೆಯ ಬಲ್ಬೂ ಮಂಕಾಗಿ ಉರಿದ ಮಾರನೆಯ ಬೆಳಗ್ಗೆ ಅವರು ನೇರ ಹೋಟೆಲಿಗೆ ಹೋದರು. ಏಳೆಂಟು ಜನ ಕೂತಿದ್ದರು. ಬಲ್ಬನ್ನು ಗೆಳೆಯನ ಟೀ ಲೋಟದ ಪಕ್ಕ ಕುಕ್ಕಿ, ‘ಎಲ್ಲಾರೂ ಕೇಳ್ರಪ್ಪ, ಇವ್ನು ಡೂಪ್ಲಿಕೇಟ್ ಮಾಲು ಮಾರ್ತಾ ಕೂತವ್ನೆ. ಮೂರಕ್ಕೆ ಮೂರೂ ಡೂಪ್ಲಿಕೇಟು. ಕರೆಂಟ್ ಬಗ್ಗೆ ನಂಗೆ ಯಾರೂ ಹೇಳ್ಬೇಕಾಗಿಲ್ಲ’ ಎಂದರು.

ಕರೆಂಟಿನ ವಿಷಯದಲ್ಲಿ ಮೇಷ್ಟ್ರ ಮಾತೆಂದರೆ ಗುಬ್ಬಿಯಲ್ಲಿ ಎದುರಾಡುವವರಿಲ್ಲ. ಎಲ್ಲರೂ ಚಿಕ್ಕಹನುಮಯ್ಯನವರ ಮುಖ ನೋಡಿದರು. ಅವರು ಅರ್ಧ ಟೀ ಹಾಗೇ ಬಿಟ್ಟು, ಬಲ್ಬನ್ನು ಅಂಗಿ ಜೇಬಿಗೆ ಹಾಕಿಕೊಂಡು, ರಸ್ತೆ ದಾಟಿ ಅಂಗಡಿಗೆ ಹೋದರು. ಮಾರನೆಯ ದಿನದಿಂದ ಹೋಟೆಲಿಗೆ ಬರಲಿಲ್ಲ.

ಸದಾಶಿವಯ್ಯನವರು ಸೋಲುವವರಲ್ಲ. ತುಮಕೂರಿಗೆ ಹೋಗಿ ದೊಡ್ಡ ಅಂಗಡಿಯಲ್ಲಿ, ಕಂಪನಿ ಸೀಲಿರುವ ಡಬ್ಬಿಯ ಬಲ್ಬೇ ಬೇಕೆಂದು ಹೇಳಿ ತಂದರು. ಅದೂ ಮಂಕಾಗಿಯೇ ಉರಿಯಿತು. ಆಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಗುಬ್ಬಿಯ ಮೋಸ ತುಮಕೂರಿಗೂ ಹಬ್ಬಿದೆ ಎಂದು ತೀರ್ಮಾನಿಸಿ, ಇನ್ನು ಗಾಜಿನದೇ ದೋಷವಿರಬೇಕೆಂದು ಹುಣಸೆಹಣ್ಣು ಹಾಕಿ ತಿಕ್ಕಲು ಕೂತರು. ಗಾಜು ಥಳಥಳ ಹೊಳೆಯಿತು. ಲೈಟು ಮಾತ್ರ ಹಿಂದಿನ ಹಾಗೇ.

ಹೀಗೆ ಇಪ್ಪತ್ತು ದಿನ ಕಳೆಯಿತು. ಪ್ರಮೀಳಾ ಯಡಿಯೂರಿಗೆ ಬಸ್ಸಿನಲ್ಲಿ ಹೋಗಿ ಬಂದರು. ಬೆಳಗಿನ ಟೀ ಮನೆಯಲ್ಲೇ ಆಯಿತು, ಅದಕ್ಕೆ ರುಚಿಯೇ ಇರಲಿಲ್ಲ. ಹೋಟೆಲಿಗೆ ಹೋದರೆ ಎದುರಿನ ಅಂಗಡಿ ಕಾಣುತ್ತದೆ, ಅಂಗಡಿಯಲ್ಲಿ ತಲೆ ತಗ್ಗಿಸಿ ಕೂತವನು ಕಾಣುತ್ತಾನೆ. ತಪ್ಪು ಮಾಡಿದವನು ಅವನು, ತಾನೇಕೆ ಮುಖ ತಪ್ಪಿಸಿಕೊಂಡು ತಿರುಗಬೇಕು ಎಂದು ತಮ್ಮನ್ನೇ ಕೇಳಿಕೊಂಡರು. ಆದರೂ ಕಾಲು ಆ ಕಡೆಗೆ ಹೋಗಲಿಲ್ಲ.

ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಬಾನೆಟ್ಟಿಗೆ ತಲೆ ಹಾಕಿ ನಿಂತಿದ್ದಾಗ ಪ್ರಮೀಳಾ ಮಜ್ಜಿಗೆ ತಂದರು. ಲೋಟ ಕೊಡುತ್ತಾ, ‘ಅಲ್ಲಾ, ಆಯುಧಪೂಜೆಗೆ ಮುಂಚೆ ಇದು ಚೆನ್ನಾಗಿ ಉರೀತಿತ್ತಲ್ವ? ಹಬ್ಬಕ್ಕೆ ನೀವು ಇದಕ್ಕೇನ್ ಮಾಡಿದ್ರಿ?’ ಎಂದು ಕೇಳಿದರು.

‘ಏನ್ ಮಾಡ್ತೀನಿ, ತೊಳೆದೆ. ತುಕ್ಕು ಹಿಡಿದಿತ್ತು ಅಂತ ಮುಂದ್ಗಡೆ ಉಜ್ಜಿ ಪೇಂಟ್ ಹೊಡ್ದೆ. ಗೇಟಿಗೆ ತಂದಿದ್ದು ಮಿಕ್ಕಿತ್ತಲ್ಲ, ಮೂರು ಕೋಟು…’

ಮಾತು ಅಲ್ಲಿಗೇ ನಿಂತಿತು. ಮಜ್ಜಿಗೆ ಲೋಟ ರೇಡಿಯೇಟರಿನ ಮೇಲೆ ಕೂತಿತು. ಸದಾಶಿವಯ್ಯನವರು ಬಗ್ಗಿ, ಬಲಗಡೆ ಲೈಟಿನ ಹಿಂದೆ ಕಾರಿನ ತಗಡಿಗೆ ಬಿಗಿದಿದ್ದ ಸಣ್ಣ ಬೋಲ್ಟನ್ನು ನೋಡಿದರು. ಲೈಟಿನಿಂದ ಬಂದ ಕಪ್ಪು ವೈರು, ಅಂದರೆ ಅರ್ಥಿಂಗ್, ಆ ಬೋಲ್ಟಿನ ಕೆಳಗೆ ಕೂತಿತ್ತು. ಅದರ ಕೆಳಗೆ ಇವರೇ ಪ್ರೀತಿಯಿಂದ ಹೊಡೆದ ಗೇಟಿನ ಪೇಂಟು, ಮೂರು ಕೋಟು. ಬೋಲ್ಟು ಬಿಚ್ಚಿ, ಪೇಂಟು ಹೊಡೆದು, ಒಣಗಿಸಿ, ಅದರ ಮೇಲೇ ವೈರಿಟ್ಟು ಅಚ್ಚುಕಟ್ಟಾಗಿ ಬಿಗಿದಿದ್ದರು. ಪೇಂಟು ಅಡ್ಡ ಬಂದು, ಕರೆಂಟು ತಗಡಿನ ಮೂಲಕ ಬ್ಯಾಟರಿಗೆ ಹಿಂದಕ್ಕೆ ಹೋಗುವುದಕ್ಕೆ ಜಾಗವೇ ಇಲ್ಲದೆ ಒದ್ದಾಡುತ್ತಿತ್ತು.

ಲೈಟಿನ ಸ್ವಿಚ್ಚು ಹಾಕಿ, ಒಂದು ತುಂಡು ವೈರು ತಂದು ಬ್ಯಾಟರಿಯ ನೆಗೆಟಿವ್‌ನಿಂದ ಆ ಬೋಲ್ಟಿನ ವೈರಿಗೆ ಮುಟ್ಟಿಸಿದರು. ಬಲಗಡೆ ಲೈಟು ಕಣ್ಣು ಕುಕ್ಕುವಂತೆ ಉರಿದು ಶೆಡ್ಡಿನ ಗೋಡೆಯೆಲ್ಲ ಬೆಳ್ಳಗಾಯಿತು.

‘ಬಂತಲ್ಲ’ ಎಂದರು ಪ್ರಮೀಳಾ.

ಬಂತು. ಆ ಖುಷಿ ಹೆಚ್ಚೆಂದರೆ ಒಂದು ನಿಮಿಷ ಇತ್ತು. ಆಮೇಲೆ ಚಿಕ್ಕಹನುಮಯ್ಯ ಬಿಟ್ಟುಹೋದ ಅರ್ಧ ಟೀ ಸದಾಶಿವಯ್ಯನವರಿಗೆ ನೆನಪಾಯಿತು. ಕಾರಿನ ಮುಂದೆ ನೆಲದ ಮೇಲೇ ಕೂತುಬಿಟ್ಟರು.

ಯಾರಿಗೂ ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತುಮಕೂರಿನ ಬಲ್ಬು ಹಾಕಿದೆ, ಸರಿಹೋಯಿತು ಎಂದರೆ ಊರು ನಂಬುತ್ತಿತ್ತು. ಬೋಲ್ಟಿನ ಬುಡ ಉಜ್ಜಿ ಲೋಹ ಕಾಣುವವರೆಗೆ ಸದಾಶಿವಯ್ಯ ಇದನ್ನೂ ಯೋಚಿಸಿದರು. ಯೋಚಿಸಿದ್ದಕ್ಕೆ ಅವರಿಗೆ ಇವತ್ತಿಗೂ ನಾಚಿಕೆ.

ಮಾರನೆಯ ಬೆಳಗ್ಗೆ ಏಳಕ್ಕೆ ಹೋಟೆಲಿಗೆ ಹೋಗಿ, ಎಲ್ಲರಿಗೂ ಟೀ ಹೇಳಿ, ಮೇಷ್ಟ್ರು ನಿಂತುಕೊಂಡೇ ಕಥೆ ಒಪ್ಪಿಸಿದರು. ಗೇಟಿನ ಪೇಂಟು, ಮೂರು ಕೋಟು, ಹುಣಸೆಹಣ್ಣು, ಒಂದನ್ನೂ ಬಿಡಲಿಲ್ಲ. ‘ಚಿಕ್ಕಹನುಮಯ್ಯನ ಬಲ್ಬು ಮೂರೂ ಒರಿಜಿನಲ್ಲು. ಡೂಪ್ಲಿಕೇಟ್ ಮಾಲು ನಾನೇ ಕಣ್ರಪ್ಪ. ಪೇಂಟ್ ಕೆರೀದೆ ಅರ್ಥಿಂಗ್ ಕೊಟ್ಟ ಅಂತ ಎಷ್ಟ್ ಜನ ಹುಡುಗರನ್ನ ಪ್ರಾಕ್ಟಿಕಲ್‌ನಲ್ಲಿ ಫೇಲ್ ಮಾಡಿದೀನೋ ಲೆಕ್ಕವಿಲ್ಲ. ಈಗ ನನ್ನನ್ನೂ ಮಾಡಿದೀನಿ’ ಎಂದರು.

ಹೋಟೆಲು ಬಿದ್ದುಬಿದ್ದು ನಕ್ಕಿತು. ಕರಿಸಿದ್ದಪ್ಪ ನಗುತ್ತಲೇ ಇನ್ನೊಂದು ಟೀ ತಂದು ಕೈಗಿಟ್ಟ. ಅದನ್ನೂ ಕುಡಿದು, ಬಾಯಿ ಒರೆಸಿಕೊಂಡು, ಸದಾಶಿವಯ್ಯ ರಸ್ತೆ ದಾಟಿದರು.

ಎದುರಿನ ನಗು, ಮಾತು ಎಲ್ಲ ಚಿಕ್ಕಹನುಮಯ್ಯನವರಿಗೆ ಕೇಳಿಸಿತ್ತು. ಅವರು ನಗುತ್ತಿರಲಿಲ್ಲ. ನಟ್ಟುಗಳನ್ನು ಡಬ್ಬಿಗೆ ತುಂಬುತ್ತಾ, ತಲೆಯೆತ್ತದೆ ಕೇಳಿದರು.

‘ಬಲ್ಬಿನ ಮಾತು ಅತ್ಲಾಗಿರ್ಲಿ ಬುಡು. ಐವತ್ತು ವರ್ಷದಿಂದ ನೋಡಿದೀಯ. ನಾನು ನಿಂಗೆ ಮೋಸ ಮಾಡ್ತೀನಿ ಅಂತ ನಿಂಗೆ ಹೆಂಗ್ಲಾ ಅನ್ನಿಸ್ತು?’

ನಗಿಸುವುದಕ್ಕೆಂದು ಸದಾಶಿವಯ್ಯ ದಾರಿಯಲ್ಲಿ ಎರಡು ಮಾತು ಜೋಡಿಸಿಕೊಂಡು ಬಂದಿದ್ದರು. ಎರಡನ್ನೂ ಕೈಬಿಟ್ಟರು. ಕೌಂಟರಿನ ಮೇಲೆ ಉರುಳಿದ್ದ ಒಂದು ನಟ್ಟನ್ನು ಎತ್ತಿ ಡಬ್ಬಿಗೆ ಹಾಕಿದರು.

‘ನಂದೇ ತಪ್ಪಿರ್ಬೋದು ಅಂದ್ಕೊಳೋದು ಕಷ್ಟ ಆಯ್ತು ಕಣೋ’ ಎಂದರು. ‘ನೀನು ಮೋಸಗಾರ ಅಂದ್ಕೊಳೋದು ಸುಲಭ ಆಯ್ತು. ಅಷ್ಟೇ. ಬೇರೆ ಏನೂ ಇಲ್ಲ.’

ಚಿಕ್ಕಹನುಮಯ್ಯ ಆಗ ತಲೆಯೆತ್ತಿ ನೋಡಿದರು. ಗೆಳೆಯನ ಕಣ್ಣು ಒದ್ದೆಯಾಗಿತ್ತು. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ, ಕೈಯನ್ನು ಬಟ್ಟೆಗೆ ಒರೆಸಿಕೊಂಡು ಎದ್ದರು.

‘ಟೀ ಆಯ್ತಾ?’

‘ಇಲ್ಲ’ ಎಂದರು, ಈಗಷ್ಟೇ ಎರಡು ಕುಡಿದು ಬಂದಿದ್ದ ಸದಾಶಿವಯ್ಯ.