ಗುಡ್ಡಮ್ಮನ ಕಪ್ಪು ಡೇರೆ

ನಮ್ಮ ದೊಡ್ಡಮ್ಮ ಗುಡ್ಡಮ್ಮ ಹಸಿದು ಬಂದವರಿಗೆ ಬೇಡ ಬೇಡ ಅಂದರೂ ಬಡಿಸುತ್ತಿದ್ದಳು. ಅದೇ ಡೇರೆ ಹೂವಿನ ಗೆಡ್ಡೆ ಕೇಳಿದರೆ ಮುಖ ಗಂಟು ಹಾಕುತ್ತಿದ್ದಳು. ನಮ್ಮೂರು ಜಡೆಯಲ್ಲಿ ಇನ್ನೊಬ್ಬರ ಅಂಗಳದಲ್ಲಿ ಅಂಥ ಡೇರೆ ಇರಲಿಲ್ಲ. ಕಪ್ಪೇ ಅನ್ನಿಸುವಷ್ಟು ಕಡುಗೆಂಪು ಹೂವು, ಎಸಳಿನ ತುದಿಗೆ ಸುಣ್ಣ ತಾಗಿಸಿದಂತೆ ಬಿಳುಪು. ಅವಳ ಅಜ್ಜಿ ಅವ್ವನಿಗೆ ಕೊಟ್ಟದ್ದು, ಅವ್ವ ಮಡಿಲಕ್ಕಿಯ ಜೊತೆ ಇವಳಿಗೆ ಕಟ್ಟಿಕೊಟ್ಟದ್ದು. "ಇದು ನನ್ನ ರಾಧಮ್ಮನ ಮಡಿಲಿಗೇ ಹೋಗ್ಬೇಕು" ಎಂದು ಮಗಳ ಹೆಸರಿಗೆ ಕಾದಿಟ್ಟಿದ್ದಳು.

ಕೇಳಿ ತಂದ ಗಿಡ ಬಾಡುತ್ತದೆ, ಕದ್ದು ತಂದದ್ದು ಚಿಗುರುತ್ತದೆ ಅನ್ನುವುದು ನಮ್ಮ ಕಡೆಯ ಹೆಂಗಸರ ಶಾಸ್ತ್ರ. ಅದನ್ನು ಕೇಳಿದರೆ ದೊಡ್ಡಮ್ಮನಿಗೆ ಮೈ ಉರಿಯುತ್ತಿತ್ತು. "ಥೂ, ಕಳ್ಳತನಕ್ಕೂ ಒಂದು ಶಾಸ್ತ್ರ!" ಅನ್ನುತ್ತಿದ್ದಳು.

ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ರಾಧಮ್ಮನಿಗೆ ಬಳ್ಳಿಗಾವಿಯ ಗಂಡು ಗೊತ್ತಾಯಿತು. ಹುಡುಗನ ತಾಯಿ ರಾಜೇಶ್ವರಮ್ಮ ಹೆಣ್ಣು ನೋಡಲು ಬಂದಾಗ, ಬುಟ್ಟಿಯಲ್ಲಿ ಬೂದಿ ಹಾಕಿ ಇಟ್ಟಿದ್ದ ಗೆಡ್ಡೆ ತೋರಿಸಿ ದೊಡ್ಡಮ್ಮ ಹೂವಿನ ಬಣ್ಣ ಹೊಗಳಿದ್ದೇ ಹೊಗಳಿದ್ದು. ಪಾಪ, ಮಗಳನ್ನು ಅಷ್ಟು ಹೊಗಳಲಿಲ್ಲ.

ಮದುವೆ ಹತ್ತಿರ ಬಂದಾಗ ದೊಡ್ಡಪ್ಪ ಜಟ್ಟಪ್ಪ ಎಡವಟ್ಟು ಮಾಡಿದರು. ಬಚ್ಚಲ ಒಲೆಯ ಕೆಂಡದಲ್ಲಿ ಗೆಣಸು ಸುಟ್ಟು ತಿನ್ನುವುದು ಅವರ ಚಪಲ. ಅವತ್ತು ಕೈಗೆ ಸಿಕ್ಕಿದ್ದು ಗೆಣಸಿನ ಬುಟ್ಟಿಯಲ್ಲ. ಇದ್ದಬದ್ದದ್ದನ್ನೆಲ್ಲ ಸುಟ್ಟು, ಸಿಪ್ಪೆ ಸುಲಿದು, ಕಚ್ಚಿ ನೋಡಿ, "ಏನೇ ಇದು, ಈ ಸಲದ ಗೆಣಸು ಬರೀ ಸಪ್ಪೆ!" ಅಂದರು.

ದೊಡ್ಡಮ್ಮ ಖಾಲಿ ಬುಟ್ಟಿ ನೋಡಿದಳು. "ಅಯ್ಯೋ, ನಿಮ್ ಬಾಯಿ ಚಪಲಕ್ಕೆ ಬೆಂಕಿ ಹಾಕ! ನಮ್ಮವ್ವನ್ನೇ ಸುಟ್ಟು ತಿಂದ್ರಲ್ರೀ!" ಎಂದು ಅಲ್ಲೇ ಕುಸಿದು ಕೂತು ಅತ್ತಳು. ಮಗಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ಬಿತ್ತು. ಗೆಡ್ಡೆ ಬೀಳಲಿಲ್ಲ.

ಗೌರಿ ಹಬ್ಬಕ್ಕೆ ಮಗಳನ್ನು ಕರೆತರಲು ದೊಡ್ಡಮ್ಮ ಬಳ್ಳಿಗಾವಿಗೆ ಹೊರಟಾಗ ನಾನೂ ಜೊತೆಗಿದ್ದೆ. ಬೀಗರ ಅಂಗಳಕ್ಕೆ ಕಾಲಿಟ್ಟವಳು ನಿಂತೇಬಿಟ್ಟಳು. ಕಡುಗೆಂಪು ಡೇರೆ, ತುದಿ ಬಿಳಿ. ಎಸಳನ್ನು ಮಗುಚಿ ನೋಡಿದಳು. ಬೆನ್ನು ನೇರಳೆ. ಅವ್ವನ ಹೂವೇ, ಸಂಶಯವೇ ಇಲ್ಲ.

ರಾಜೇಶ್ವರಮ್ಮನ ಮುಖ ಹುಳ್ಳಗಾಯಿತು. "ಹೆಣ್ಣು ನೋಡಾಕ ಬಂದಾಗ... ಒಂದು ಗೆಡ್ಡಿ ನನ್ನ ಸೆರಗಿನಾಗ ಬಂದುಬಿಡ್ತು ನೋಡ್ರೀ" ಅಂದಳು. ಅಬ್ಬಾ, ಗೆಡ್ಡೆಗೆ ಕಾಲು ಬಂದಿತ್ತೇನೋ!

ಇವತ್ತು ಜಗಳ ಗ್ಯಾರಂಟಿ ಅಂದುಕೊಂಡೆ. ದೊಡ್ಡಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. "ನಮ್ಮವ್ವನ್ನ ಉಳಿಸಿದ್ರಿ ಬೀಗ್ರೇ. ನಂಗೊಂದು ಕವಲು ಕೊಡ್ರಿ."

"ಕೇಳಿ ಒಯ್ದರ ಬಾಡತೈತ್ರೀ" ಎಂದು ರಾಜೇಶ್ವರಮ್ಮ ನಕ್ಕಳು. "ನಾವು ಒಳಗ ಕಾಫಿ ಕಾಸ್ತೀವಿ. ಬಾರೇ ರಾಧಮ್ಮ." ಸೊಸೆಯನ್ನೂ ಕರೆದುಕೊಂಡು, ಬೆನ್ನು ತಿರುಗಿಸಿ ಒಳಗೆ ಹೋದಳು.

ದೊಡ್ಡಮ್ಮ ಅತ್ತಿತ್ತ ನೋಡಿ, ಒಂದು ಕವಲು ಮುರಿದು ಸೆರಗಿನಲ್ಲಿ ಮುಚ್ಚಿಕೊಂಡಳು. ಕಣ್ಣು ತುಂಬಿತ್ತು. ನನಗೆ ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ ನಗಲೂ ಆಗಲಿಲ್ಲ.

ಜಡೆಯಲ್ಲಿ ಅದು ಚಿಗುರಿತು. ಆಮೇಲೂ ಯಾರಾದರೂ ಗೆಡ್ಡೆ ಕೇಳಿದರೆ ದೊಡ್ಡಮ್ಮ "ಕೊಡಲ್ಲ" ಅಂತಲೇ ಅನ್ನುತ್ತಿದ್ದಳು. ಬುಟ್ಟಿಯನ್ನು ಅವರ ಪಕ್ಕಕ್ಕೆ ಸರಿಸಿ, "ಕೂತಿರಿ, ನೀರು ತರ್ತೀನಿ" ಎಂದು ಒಳಗೆ ಹೋಗುತ್ತಿದ್ದಳು. ಆ ನೀರು ಬರುವುದು ಬಹಳ ತಡವಾಗುತ್ತಿತ್ತು.