ಕಾಯಿ ಒಡೆಯದೆ ಕೊಂಡವರು

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೂ ಎರಡು ಸಾವಿರದ ಇಸವಿಯಲ್ಲಿ, ನನ್ನ ಹತ್ತಿರ ಇಲ್ಲದ ಕಂಪ್ಯೂಟರ್ ಕಂಪನಿಯ ಶೇರುಗಳನ್ನು ಎರಡು ಸಲ ಮಾರಿದೆ. ಅದರಲ್ಲಿ ಕಳ್ಳತನವೇನೂ ಇಲ್ಲ. ತುಟ್ಟಿಯಿದ್ದಾಗ ಮಾರಿ, ಅಗ್ಗವಾದಾಗ ಕೊಂಡು ಕೊಟ್ಟುಬಿಡುವುದು, ಅಷ್ಟೇ. ಕೈಯಲ್ಲಿ ಒಂದು ಕಾಳಿಲ್ಲದೆ ಮುಂದಿನ ಸುಗ್ಗಿಯ ಶೇಂಗಾ ಮಾರುವ ವ್ಯಾಪಾರಿಗಳನ್ನು ಬೈಲಹೊಂಗಲದ ಪೇಟೆಯಲ್ಲಿ ಬೇಕಾದಷ್ಟು ನೋಡಿದ್ದೆ.

ಗಂಡ ತೀರಿದ ಮೇಲೆ ನಮ್ಮ ಶೇಂಗಾ ಅಂಗಡಿಯ ಗಾದಿಯ ಮೇಲೆ ನಾನೇ ಕೂಡುತ್ತಿದ್ದೆ. ಹೆಂಗಸು ಗಾದಿಯ ಮೇಲೆ ಕೂಡುವುದು ಮೈದುನನಿಗೆ ಸೇರುತ್ತಿರಲಿಲ್ಲ. ಹತ್ತು ಕಾಯಿ ಒಡೆದು ಬೀಜ ಕಡಿದು ನೋಡದೆ ಅವನು ಒಂದು ಚೀಲವನ್ನೂ ಕೊಂಡವನಲ್ಲ. ಅಂಥವನು ಒಂದು ದಿನ ಆ ಶೇರು ಕೊಂಡು ಪೇಢೆ ಹಂಚಿದ.

“ಆ ಕಂಪನಿ ಏನ್ ಮಾಡತೈತಿ?” ಎಂದೆ.

“ಯಾರಿಗ್ ಗೊತ್ತು ವೈನಿ! ದಿನಾ ಏರಾಕ ಹತ್ತೇತಿ, ಅಷ್ಟ ಸಾಕು.”

ಇವನೂ ಕಾಯಿ ಒಡೆಯದೆ ಕೊಂಡನೆಂದರೆ ಇನ್ನು ಇದು ಬೀಳುವುದೇ ಎಂದುಕೊಂಡೆ. ಅಂದೇ ಕೈಯಲ್ಲಿದ್ದ ನಾಲ್ಕು ಬಂಗಾರದ ಪಾಟ್ಲಿ ಬಳೆ ಒತ್ತೆಯಿಟ್ಟು, ಬೆಳಗಾವಿಯ ಶೇರು ದಲ್ಲಾಳಿಗೆ ಫೋನು ಮಾಡಿ ಮಾರಿಸಿದೆ. ಶೇರು ಬೀಳಲಿಲ್ಲ, ಇನ್ನೂ ಏರಿತು. ಎಂಟನೇ ದಿನ ತುಟ್ಟಿಗೆ ಕೊಂಡು ತೀರಿಸಿದೆ. ಆ ನಷ್ಟಕ್ಕೆ ಎರಡು ಪಾಟ್ಲಿ ಹೋದವು.

“ವೈನಿ, ಉಳದದ್ದೂ ಕಳದ್ರ ಗಾದಿ ಬಿಟ್ಟು ಒಳಗ ರೊಟ್ಟಿ ಬಡೀರಿ,” ಎಂದ ಮೈದುನ, ಹಮಾಲರೆಲ್ಲರ ಮುಂದೆ.

“ಆತು. ಗೆದ್ರ ನೀ ಬಡೀಬೇಕ ನೋಡು.”

ಹಮಾಲರು ನಕ್ಕರು. ನಾನು ನಗಲಿಲ್ಲ.

ತಪ್ಪು ನನ್ನದೇ. ಶೇಂಗಾ ದರ ಏರುತ್ತಿರುವಾಗ ನಾನು ಎಂದೂ ಅಡ್ಡ ನಿಂತವಳಲ್ಲ. ಒಮ್ಮೆ ಬೀಳಬೇಕು, ಮತ್ತೆ ಏರಲು ಹೋಗಿ ಹಳೆಯ ದರ ಮುಟ್ಟಲಾರದೆ ಸೋಲಬೇಕು. ಆಗಲೇ ಕೊಳ್ಳುವವರು ಮುಗಿದರೆಂದು ತಿಳಿಯುವುದು. ಪೇಟೆಯಲ್ಲಿ ಮೂವತ್ತು ವರ್ಷ ಕಂಡದ್ದನ್ನು ಮೈದುನನ ಮೇಲಿನ ಸಿಟ್ಟಿನಲ್ಲಿ ಮರೆತಿದ್ದೆ.

ಈ ಸಲ ದಿನಾ ಪೇಪರಿನಲ್ಲಿ ಆ ಶೇರಿನ ದರದ ಒಂದು ಸಾಲು ನೋಡುತ್ತ ಸುಮ್ಮನೆ ಕುಳಿತೆ. ಶೇರು ಬಿತ್ತು. ಅಗ್ಗ ಸಿಕ್ಕಿತೆಂದು ಮೈದುನ ಇನ್ನಷ್ಟು ಕೊಂಡ. ನಾನು ಮಾರಲಿಲ್ಲ. ನಾಲ್ಕು ದಿನ ಏರಿತು, ಹಳೆಯ ದರದ ಹತ್ತಿರವೂ ಹೋಗದೆ ಐದನೆಯ ದಿನ ತಿರುಗಿತು. ಫೋನು ಎತ್ತಿದೆ.

“ಅಮ್ಮಾರ, ಏರಿದಾಗ ಮಾರೂದ್ ಬಿಟ್ಟು ಇಳದಾಗ ಮಾರತೀರಲ್ರಿ!” ಎಂದ ದಲ್ಲಾಳಿ.

“ಇನ್ನೂ ಇಳೀತೈತಿ ಅಂತನ ಮಾರಾಕ ಹತ್ತೇನಿ. ಹೇಳಿದ್ದ ಮಾಡ್ರಿ.”

ದರ ಅರ್ಧಕ್ಕಿಳಿದಾಗ ಕೊಂಡು ತೀರಿಸಿದೆ. ಅದು ಮುಂದೆ ಇನ್ನೂ ಬಿತ್ತು, ಬೀಳಲಿ. ನನಗೆ ಬೇಕಾದದ್ದು ಬಂದಿತ್ತು. ಒತ್ತೆಯ ಎರಡು ಪಾಟ್ಲಿ ಬಿಡಿಸಿಕೊಂಡೆ, ಹೊಸ ಎರಡು ಮಾಡಿಸಿದೆ.

“ನಿಮ್ಮ ನಶೀಬ ಛಲೋ ಐತಿ ಬಿಡ್ರಿ ವೈನಿ,” ಎಂದ ಮೈದುನ.

“ಮೊದಲ ಎರಡು ಪಾಟ್ಲಿ ಹ್ವಾದಾಗ ಎಲ್ಲಿತ್ತಪಾ ನಶೀಬ? ಹಿಟ್ಟು ನಾದಿಟ್ಟೇನಿ. ಒಳಗ ನಡಿ.”

ಅವನ ರೊಟ್ಟಿ ನಡುವೆ ಹರಿದಿತ್ತು, ಅಂಚು ಸುಟ್ಟಿತ್ತು. ಹಮಾಲರು ಎರಡೆರಡು ಕೇಳಿ ಹಾಕಿಸಿಕೊಂಡು ತಿಂದರು. ನಾನು ಗಾದಿಯ ಮೇಲೆ ಕುಳಿತು, ಆಗಷ್ಟೇ ಇಳಿಸಿದ ಚೀಲದಿಂದ ಒಂದು ಕಾಯಿ ತೆಗೆದು ಒಡೆದೆ.